ವಾಯೇಜರ್‌ನ ಉದ್ದನೆಯ ತೋಳು

ವಾಯೇಜರ್ ಬಾಹ್ಯಾಕಾಶ ನೌಕೆಯ ಪ್ಲಾಸ್ಟಿಕ್ ಮಾದರಿಯನ್ನು ನಾನು ಆಸೆಪಟ್ಟು ತರಿಸಿಕೊಂಡಿದ್ದಲ್ಲ. ನನ್ನ ಬಲಗೈಯನ್ನು ಪರೀಕ್ಷಿಸಲು ತರಿಸಿಕೊಂಡೆ. ಕೇಳಿದವರಿಗೆಲ್ಲ ಬೇರೆ ಕಾರಣ ಹೇಳಿದ್ದೇನೆ.

ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಎರಡು ತಿಂಗಳ ಹಿಂದೆ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜಿನಿಂದ ತಂತಿಯ ದಪ್ಪ ಅಳೆಯುವುದನ್ನು ತೋರಿಸುತ್ತಿದ್ದಾಗ ತಂತಿಯ ತುದಿ ಅದುರಿತು. ಬಿಗಿಯಾಗಿ ಹಿಡಿದೆ, ಇನ್ನೂ ಅದುರಿತು. ಪಕ್ಕದಲ್ಲೇ ನಿಂತಿದ್ದ ಹುಡುಗಿ, “ಮ್ಯಾಮ್, ಬೆಳಿಗ್ಗೆ ತಿಂಡಿ ತಿಂದಿಲ್ವಾ?” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಸ್ಟಾಫ್ ರೂಮಿನಲ್ಲಿ ಕಾಫಿಯನ್ನು ಅರ್ಧ ಲೋಟವಷ್ಟೇ ಹಾಕಿಸಿಕೊಳ್ಳುತ್ತಿದ್ದೇನೆ.

ನನ್ನ ಅವ್ವನ ಕೈ ಅದುರುತ್ತದೆ. ಅವ್ವನ ಅವ್ವನಿಗೂ ಅದುರುತ್ತಿತ್ತು. ಅಜ್ಜಿಯ ಕೊನೆಯ ವರ್ಷಗಳಲ್ಲಿ ಅವಳಿಗೆ ಗಂಜಿಯನ್ನು ನಾವೇ ಕುಡಿಸುತ್ತಿದ್ದೆವು. ಲೋಟದ ಅಂಚು ಅವಳ ಹಲ್ಲಿಗೆ ತಾಕಿ ಆಗುತ್ತಿದ್ದ ಸದ್ದು ನನಗೆ ಇಂದಿಗೂ ಕೇಳುತ್ತದೆ. ಅವ್ವನಿಗೆ ಇರುವ ಕಾಯಿಲೆಯ ಹೆಸರು ನನಗೆ ಗೊತ್ತು. ಫೋನಿನಲ್ಲಿ ಆ ಹೆಸರನ್ನು ಎಷ್ಟೋ ಸಲ ಟೈಪ್ ಮಾಡಿದ್ದೇನೆ, ಹುಡುಕುವ ಮೊದಲೇ ಅಳಿಸಿದ್ದೇನೆ. ಪುಸ್ತಕ ಓದಿ ಎಂ.ಎಸ್ಸಿ. ಮಾಡಿದವಳು ಇದೊಂದನ್ನು ಮಾತ್ರ ಓದಲಾರದೆ ಹೋದೆ.

ಓದುವ ಬದಲು ನಮ್ಮೂರಿನ ಪರೀಕ್ಷೆಯನ್ನು ನೆನೆಸಿಕೊಂಡೆ. ಚಾಮರಾಜನಗರದ ಹತ್ತಿರವಿರುವ ನಮ್ಮೂರಿನಲ್ಲಿ ಅವ್ವ ಹದಿನೆಂಟು ವರ್ಷ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದಳು. ಬಿಸಿನೀರಿನ ಬೇಸಿನ್ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆಗಳ ತುದಿ ಹುಡುಕಿ, ಏಳೆಂಟು ಎಳೆಗಳನ್ನು ಸೇರಿಸಿ, ಅಂಗಿಯ ಗುಂಡಿಯಷ್ಟಿರುವ ಪಿಂಗಾಣಿ ಬಿಲ್ಲೆಯ ತೂತಿಗೆ ಪೋಣಿಸಬೇಕು. ಆ ಬಿಲ್ಲೆಗೆ ಬಟನ್ ಅನ್ನುತ್ತಾರೆ. ಕೆಲಸ ಕೇಳಿಕೊಂಡು ಹೊಸ ಹೆಂಗಸು ಬಂದರೆ ಮೇಸ್ತ್ರಿ ಬೇರೇನೂ ಕೇಳುತ್ತಿರಲಿಲ್ಲ. ಮೂರು ಸಲ ಬಟನ್ನಿಗೆ ಎಳೆ ಪೋಣಿಸಲು ಹೇಳುತ್ತಿದ್ದ. ಕೈ ಅದುರಿದರೆ, “ನಿಂದು ಬಟನ್ ಕೈ ಅಲ್ಲ ಕಣಮ್ಮಿ, ಗೂಡು ಆರ್ಸೋಗು” ಎಂದು, ಕೆಟ್ಟ ಗೂಡುಗಳನ್ನು ಬೇರೆ ಮಾಡುವವರು ಕೂರುವ ಗೋಡೆಯ ಕಡೆ ಕಳಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಅವ್ವನಿಗಾಗಿ ಕಾಯುತ್ತಾ ಈ ಪರೀಕ್ಷೆಯನ್ನು ಎಷ್ಟೋ ಸಲ ನೋಡಿದ್ದೇನೆ. ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ ಒಮ್ಮೆ ರಜೆಗೆ ಬಂದರೆ, ಅವ್ವ ಗೋಡೆಯ ಕಡೆ ಕೂತು ಗೂಡು ಆರಿಸುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಬಟನ್ನಿನಲ್ಲಿ ಅವಳ ಕೈ ಸೋತಿತೆಂದು ನಾನೇ ತಿಳಿದುಕೊಂಡೆ.

ಹಾಗಾಗಿ ನನಗೂ ಒಂದು ಬಟನ್ ಬೇಕಿತ್ತು. ಈ ಮಾದರಿಯ ಡಬ್ಬಿಯ ಮೇಲೆ ಅಳತೆ ಬರೆದಿತ್ತು, ಮೂಲ ನೌಕೆಯ ನಲವತ್ತೆಂಟನೇ ಒಂದು ಪಾಲು. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡೇ ಇರುವ ಬಿಡಿಭಾಗಗಳು. ಒಂದೊಂದನ್ನೂ ಕತ್ತರಿಸಿ, ಮರಳು ಕಾಗದದಲ್ಲಿ ಉಜ್ಜಿ, ಬಣ್ಣ ಹಚ್ಚಿ, ಅಂಟಿಸಬೇಕು. ಅಂಗೈ ಅಗಲದ ಬಿಳಿ ಆಂಟೆನಾ, ಹತ್ತು ಮುಖದ ನಡುಭಾಗ, ಸಾಸಿವೆ ಕಾಳಿನಷ್ಟು ಕ್ಯಾಮೆರಾ ಕಣ್ಣು. ಎಲ್ಲಕ್ಕಿಂತ ಕಷ್ಟದ್ದು ಕಾಂತಕ್ಷೇತ್ರ ಅಳೆಯುವ ಉಪಕರಣವನ್ನು ಹೊತ್ತ ತೋಳು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಜೇಡರ ಬಲೆಯಂತೆ ಸಣ್ಣ ಕಡ್ಡಿಗಳ ಹೆಣಿಗೆ. ಅದರ ಮೂರು ತುಂಡುಗಳನ್ನು ಚಿಮಟದಲ್ಲಿ ಹಿಡಿದು ತುದಿಗೆ ತುದಿ ಕೂಡಿಸಬೇಕು. ಅದನ್ನು ಕೊನೆಗೆ ಉಳಿಸಿಕೊಂಡೆ. ಮೂರು ಸಲದೊಳಗೆ ಅಂಟಿಸಿದರೆ ನನ್ನ ಕೈಗೆ ಏನೂ ಆಗಿಲ್ಲವೆಂದು ತೀರ್ಮಾನಿಸಿದ್ದೆ.

ಬಾಗಿಲು, ಕಿಟಕಿ ಮುಚ್ಚಿ ಕೆಲಸ ಮಾಡುತ್ತಿದ್ದೆ. ಅಂಟಿನ ವಾಸನೆಗೆ ತಲೆ ನೋಯುತ್ತಿತ್ತು. ಒಂದು ದಿನ ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲ ಬಳಿಯೇ ಹಿಡಿದುಕೊಂಡರು.

“ಮೇಡಮ್ಮೋರೆ, ಇದೇನು ಮಹಡಿಯಿಂದ ಉಗುರು ಬಣ್ಣದ ವಾಸ್ನೆ? ಗಂಡು ಗೊತ್ತಾಯ್ತಾ?”

“ಇಲ್ಲ ಆಂಟಿ, ಕಾಲೇಜಿಗೆ ಒಂದು ಮಾಡೆಲ್ ಮಾಡ್ತಿದೀನಿ.”

“ಮಕ್ಳ ಕೈಲಿ ಮಾಡ್ಸದ್ ಬುಟ್ಟು ನೀವ್ಯಾಕೆ ಮಾಡೀರಿ? ಸಂಬಳ ತಕ್ಕಳೋರು ಕೂತ್ಕೊಂಡು ನೋಡ್ಬೇಕು ಕಣಿ.”

ಮೊದಲ ಸಲ ತೋಳು ಅಂಟಿಸಲು ಕೂತದ್ದು ಒಂದು ಸಂಜೆ. ಚಿಮಟದ ತುದಿಯಲ್ಲಿ ತುಂಡು ನಡುಗಿ, ಅಂಟು ಬೇರೆಡೆ ಮೆತ್ತಿತು. ನಮ್ಮ ಮನೆ ಹೆದ್ದಾರಿಗೆ ಹತ್ತಿರ. ರಾತ್ರಿ ಬಂಡೀಪುರದ ಗೇಟು ಹಾಕುವ ಮೊದಲು ಕಾಡು ದಾಟಬೇಕೆಂದು ಸಂಜೆಯ ಲಾರಿಗಳು ಜೋರಾಗಿ ಹೋಗುತ್ತವೆ. ಮೇಜು ಅದುರಿರಬೇಕು ಅಂದುಕೊಂಡೆ. ಮೇಜಿನ ಮೇಲೆ ಒಂದು ಲೋಟ ನೀರಿಟ್ಟು, ಲಾರಿ ಹೋಗುವಾಗ ಬಗ್ಗಿ ನೋಡಿದೆ. ನೀರು ಅಲುಗಲಿಲ್ಲ.

ಎರಡನೆಯ ಸಲ ಬೆಳಿಗ್ಗೆ ಕೂತೆ. ಫ್ಯಾನ್ ಆರಿಸಿದ್ದೆ, ಕಾಫಿ ಕುಡಿದಿರಲಿಲ್ಲ. ತುಂಡು ಚಿಮಟದಿಂದ ಜಾರಿ ನೆಲಕ್ಕೆ ಬಿತ್ತು. ಮಂಡಿಯೂರಿ ಹುಡುಕಿ ತೆಗೆದು, ಡಬ್ಬಿಯೊಳಗೆ ಹಾಕಿ ಮುಚ್ಚಿದೆ.

ಮೂರನೆಯದಕ್ಕೆ ಎರಡು ವಾರ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಅವ್ವ ಬಂದಳು, ತೆರಕಣಾಂಬಿಯ ಮೇಲೆ ಬರುವ ಬಸ್ಸಿನಲ್ಲಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು.

“ಕದ ತಗಿಯಕ್ಕೆ ಇಷ್ಟೊತ್ತಾ? ಒಳಗೆ ಯಾರ್ನ ಬಚ್ಚಿಟ್ಟಿದ್ದೀಯಮ್ಮಿ?”

ಬಚ್ಚಿಡಲು ಹೊರಟಿದ್ದು ಮೇಜಿನ ಮೇಲೆಯೇ ಇತ್ತು. ಅವ್ವ ಅದರ ಸುತ್ತ ಒಂದು ಸುತ್ತು ಬಂದಳು.

“ಇದೇನು, ಅನ್ನದ ಬೋಸಿಗೆ ಕಾಲು ಬಂದಂಗದೆ.”

“ಬೋಸಿ ಅಲ್ಲವ್ವ, ಆಂಟೆನಾ. ನೀನು ಕೈಗೂಸಾಗಿದ್ದಾಗ ಹೊರಟಿದ್ದು ಇದು. ಗ್ರಹಗಳನ್ನೆಲ್ಲ ದಾಟಿ ಹೋಗ್ತಾನೇ ಇದೆ.”

“ವಾಪಸ್ ಬತ್ತದಾ?”

“ಇಲ್ಲ.”

“ಅಂಗಾರೆ ಓಗ್ಲಿ ಬುಡು” ಎಂದು ನೆಲದ ಮೇಲೆ ಕಾಲು ಚಾಚಿ ಕೂತಳು. ಮೊರ ತರಿಸಿಕೊಂಡು ಅವರೆಕಾಯಿ ಸುಲಿಯತೊಡಗಿದಳು. “ನೀನ್ ನಿನ್ ಕೆಲ್ಸ ಮಾಡು. ನನ್ ಮೊಖ ನೋಡ್ಕೊಂಡು ಕೂರಬ್ಯಾಡ.”

ಇಲ್ಲವೆಂದರೆ ಯಾಕೆಂದು ಕೇಳುತ್ತಾಳೆ. ಅವಳಿಗೆ ಬೆನ್ನು ಮಾಡಿ ಕೂತು ಚಿಮಟ ತೆಗೆದುಕೊಂಡೆ. ಮೊದಲ ತುಂಡಿನ ತುದಿಗೆ ಸೂಜಿಯಿಂದ ಅಂಟು ಮುಟ್ಟಿಸಿದೆ. ಉಸಿರು ಹಿಡಿದು ಎರಡನೆಯ ತುಂಡನ್ನು ಅದರ ಹತ್ತಿರ ತಂದೆ. ಒಂದು ಕೂದಲೆಳೆಯಷ್ಟು ಅಂತರವಿತ್ತು. ಆ ಅಂತರದಲ್ಲಿ ತುಂಡು ಮೇಲೆ ಕೆಳಗೆ ಆಡಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡೆ. ಆದರೂ ಆಡಿತು. ಆಮೇಲೆ ಬಿತ್ತು.

ಹಿಂದೆ ಸಿಪ್ಪೆ ಬಿಡಿಸುವ ಸದ್ದು ನಿಂತಿತ್ತು.

“ಯಾವತ್ತಿಂದ?” ಎಂದಳು ಅವ್ವ.

“ಏನು?”

“ಕೈ.”

“ಎರಡು ತಿಂಗಳಾಯ್ತು.”

“ನನ್ ತಾವ ಯೋಳ್ಬಾರ್ದಾ?”

“ಏನಂತ ಹೇಳ್ಲಿ? ನಿನಗೆ ಬಂದಿರೋದೇ ನನಗೂ ಬಂತು ಅಂತಾನಾ?”

“ನಂಗೆ ಬಂದಿರದೇ ಇದು ಅಂತ ಯಾರ್ ಯೋಳ್ದೋರು ನಿಂಗೆ?”

ಆಗ ಎಲ್ಲವನ್ನೂ ಹೇಳಿದೆ. ಬಟನ್, ಮೇಸ್ತ್ರಿ, ಮೂರು ಸಲ, ಈ ತೋಳು. ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಬಟನ್ ತಾವ ನನ್ ಕೈ ಒಂದ್ ದಿವ್ಸಾನೂ ಅದುರ್ನಿಲ್ಲ ಕಣಮ್ಮಿ. ಕೊನೇ ದಿವ್ಸಾನೂ ಪೋಣಿಸ್ಬುಟ್ಟೇ ಎದ್ದೋಳು ನಾನು.”

“ಮತ್ಯಾಕೆ ನಿನ್ನ ಆ ಕಡೆ ಕೂರಿಸಿದ್ರು?”

“ಕರೆಂಟ್ ಓದಾಗ ಸುಮ್ನೆ ಕುಂತಿರ್ತಿದ್ವಲ್ಲ, ಆಗ ಅದುರದು. ತೊಡೆ ಮ್ಯಾಲೆ ಕೋಳಿಮರಿ ಮಡಿಕ್ಕೊಂಡಂಗೆ. ಪಕ್ಕದೋಳು ನೋಡ್ಬುಟ್ಟು ಮೇಸ್ತ್ರಿಗೆ ಊದುದ್ಳು. ಅವ್ನು ಬಾಯ್ಬುಡಕ್ಕೆ ಮುಂಚೆ ನಾನೇ ಎದ್ದೋದೆ. ಈಗ ಬುಡು, ಲೋಟ ಹಿಡುದ್ರೂ ಅದುರ್ತದೆ. ಸುರುವಾಗಿದ್ದು ಮಾತ್ರ ಸುಮ್ನೆ ಕುಂತಾಗ.”

ಒಂದು ಕ್ಷಣ ಮೈ ಹಗುರಾಯಿತು. ಹಾಗಾದರೆ ನನ್ನದು ಬೇರೆ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಎರಡು ತಿಂಗಳಲ್ಲಿ ನಾನು ಕೈಯನ್ನು ನೋಡಿದ್ದೆಲ್ಲ ಅದು ಕೆಲಸ ಮಾಡುವಾಗ. ಸುಮ್ಮನಿದ್ದಾಗ ಅದು ಏನು ಮಾಡುತ್ತದೆಂದು ಒಂದು ಸಲವೂ ನೋಡಿರಲಿಲ್ಲ. ಅಳೆಯುವುದನ್ನು ಕಲಿಸುವವಳು ಬೇರೇನನ್ನೋ ಅಳೆಯುತ್ತಾ ಕೂತಿದ್ದೆ.

ಅವ್ವನಿಗೂ ಅದು ಹೊಳೆದಿರಬೇಕು. ಎದ್ದು ಬಂದು ಎದುರಿಗೆ ಮಂಚದ ಮೇಲೆ ಕೂತಳು.

“ಅದ್ನ ಮಡಗು. ಕೈ ತೊಡೆ ಮ್ಯಾಲೆ ಬುಡು, ಅಂಗೈ ಮ್ಯಾಕೆ ಮಾಡಿ. ಮೈಸೂರ್ ಡಾಕ್ಟ್ರು ನನ್ನ ಹಿಂಗೇ ಕೂರ್ಸ್ಬುಟ್ಟು ನೂರ್ರಿಂದ ಹಿಂದಕ್ಕೆ ಎಣ್ಸು ಅಂದ್ರು. ಎಣ್ಸೋ ಕಡೆ ಗ್ಯಾನ ಓದ್ರೆ ಕೈ ತನ್ ಬುದ್ಧಿ ತೋರುಸ್ತದಂತೆ.”

“ಬೇಡವ್ವ.”

“ಎಣ್ಸು. ನೀನ್ ನೋಡ್ಬ್ಯಾಡ, ನಾನ್ ನೋಡ್ತೀನಿ.”

ಎಣಿಸಿದೆ. ನೂರು, ತೊಂಬತ್ತೊಂಬತ್ತು, ತೊಂಬತ್ತೆಂಟು. ಕೈ ನೋಡಬಾರದೆಂದು ಅವಳ ಮುಖ ನೋಡಿದೆ. ಗೂಡಿನಲ್ಲಿ ಎಳೆಯ ತುದಿ ಹುಡುಕುವಾಗ ಅವಳ ಮುಖ ಹೀಗೆಯೇ ಇರುತ್ತಿತ್ತು, ಹುಬ್ಬು ಸ್ವಲ್ಪ ಮೇಲೆ, ಬಾಯಿ ಬಿಗಿ. ನನ್ನ ಕೈ ಇದೆಯೋ ಇಲ್ಲವೋ ಎಂಬಂತೆ ಮರಗಟ್ಟಿತ್ತು. ಎಪ್ಪತ್ತಮೂರಕ್ಕೆ ಬಂದಾಗ ಅವಳ ಕಣ್ಣು ಕಿರಿದಾಯಿತು. ನಾನು ಎಣಿಸುವುದನ್ನು ನಿಲ್ಲಿಸಿದೆ.

“ಯಾಕ್ ನಿಲ್ಲಿಸ್ಬುಟ್ಟೆ?”

“ಏನಾಯ್ತು?”

“ನೊಣ ಕಣೆ. ಓಯ್ತು. ಎಣ್ಸು.”

ಎಪ್ಪತ್ತಾದ ಮೇಲೆ ತಪ್ಪು ಮಾಡಿದೆ, ಒಂದು ಅಂಕಿ ಬಿಟ್ಟು ಮತ್ತೆ ಹಿಂದಕ್ಕೆ ಹೋದೆ. ಅವ್ವನಿಗೆ ಗೊತ್ತಾಗಲಿಲ್ಲ, ಅವಳು ಅಂಕಿ ಕೇಳುತ್ತಿರಲಿಲ್ಲ. ಐವತ್ತು ದಾಟಿತು, ನಲವತ್ತು ದಾಟಿತು. ಮೂವತ್ತೆರಡಕ್ಕೆ, “ಸಾಕು” ಎಂದಳು.

“ಇತ್ತಾ?”

“ಇಲ್ಲ.”

“ಸ್ವಲ್ಪಾನೂ ಇರ್ಲಿಲ್ವಾ?”

“ಈಗಿಲ್ಲ ಕಣಮ್ಮಿ.” ಹಾಗೆ ಹೇಳಿದ್ದು ಸಾಲದೆಂದು ಅವಳಿಗೇ ಅನ್ನಿಸಿತೋ ಏನೋ, ನನ್ನ ತಲೆ ಸವರಿ, “ನಂಗೆ ಸುರುವಾಗಿದ್ದು ನಲವತ್ತಾದ್ಮೇಲೆ. ನೀನಿನ್ನೂ ಕೂಸು. ಇದು ಬ್ಯಾರೆ ಏನೋ, ರಕ್ತ ಕಮ್ಮಿ ಇದ್ದದು. ಡಾಕ್ಟ್ರ ತಾವ ಓಗನ, ಅವ್ರು ಯೋಳ್ಲಿ” ಎಂದಳು.

ಸಮಾಧಾನಕ್ಕೆಂದು ಹೇಳಿದ ಆ ನಲವತ್ತನ್ನು ನಾನು ಹಿಡಿದುಕೊಂಡೆ. ನನಗೀಗ ಇಪ್ಪತ್ತೇಳು. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನಲವತ್ತರಲ್ಲಿ ಅದನ್ನು ಕಳೆದು ನೋಡಿದೆ, ಹದಿಮೂರು ವರ್ಷ ಉಳಿಯಿತು.

ಮೈಸೂರಿನಲ್ಲಿ ಅವ್ವನನ್ನು ನೋಡುವ ಡಾಕ್ಟರೇ ಬರುವ ಬುಧವಾರ ಬರಲು ಹೇಳಿದ್ದಾರೆ. ನಾನು ಹೇಳಿದ್ದನ್ನು ಫೋನಿನಲ್ಲಿ ಕೇಳಿಸಿಕೊಂಡವರು, ಎಷ್ಟೋ ನಡುಕಗಳಿಗೆ ಆ ಕಾಯಿಲೆಯೇ ಕಾರಣವಲ್ಲ, ನೋಡದೆ ಏನೂ ಹೇಳುವುದಿಲ್ಲ ಎಂದರು. ಅವ್ವ ಚಾಮರಾಜನಗರದಿಂದ ನೇರವಾಗಿ ಬರುತ್ತಾಳೆ, ನಾನು ಇಲ್ಲಿಂದ ಹೋಗುತ್ತೇನೆ.

ಈ ದಿನಗಳಲ್ಲಿ ನನಗೆ ಸುಮ್ಮನೆ ಕೂರಲು ಆಗುತ್ತಿಲ್ಲ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಕೈ ತೊಡೆಯ ಮೇಲೆ ಇಳಿದ ಕೂಡಲೇ ಪೆನ್ನೋ ಕೀಲಿಯೋ ಹಿಡಿದುಕೊಳ್ಳುತ್ತೇನೆ. ಅವ್ವನ ಕೈಯಲ್ಲಿ ಯಾವಾಗಲೂ ಒಂದು ಕೆಲಸವಿರುತ್ತದೆ, ಇಲ್ಲದಿದ್ದರೆ ಕೈ ಸೆರಗಿನೊಳಗೆ ಇರುತ್ತದೆ. ಅದು ಅವಳ ಸ್ವಭಾವವೆಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ತೋಳನ್ನು ಇನ್ನೂ ಅಂಟಿಸಿಲ್ಲ. ಹಳೆಯ ಅಂಟನ್ನು ಕೆರೆದು, ಮೂರು ತುಂಡುಗಳನ್ನೂ ಮತ್ತೆ ಮರಳು ಕಾಗದದಲ್ಲಿ ಉಜ್ಜುತ್ತಿದ್ದೇನೆ. ಉಜ್ಜುವ ಅಗತ್ಯವೇನಿಲ್ಲ, ನಯವಾಗಿಯೇ ಇವೆ. ಬುಧವಾರದವರೆಗೆ ಕೈಗೆ ಏನಾದರೂ ಕೆಲಸ ಇರಲಿ ಎಂದು.