ಶಿಕಾಗೊ ಗೆಲ್ಲಬೇಕಾದ ದಿನ

ಮಿಲ್ವಾಕೀಯ ಸಿಟಿ ಬಸ್ ಚಾಲಕ ನಾರ್ಬರ್ಟ್‌ಗೆ ಬೇಸ್‌ಬಾಲ್ ಎಂದರೆ ಎರಡೇ ಕೆಲಸ: ತನ್ನೂರಿನ ತಂಡವನ್ನು ಪ್ರೀತಿಸುವುದು, ಶಿಕಾಗೊ ತಂಡಕ್ಕೆ ಶಾಪ ಹಾಕುವುದು. ಮಗಳು ಶಿಕಾಗೊ ಹುಡುಗನನ್ನೇ ಮದುವೆಯಾದಳು. ಆದರೇನು, ಅಳಿಯ ಆ ತಂಡದ ಟೋಪಿಯನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟೇ ಒಳಗೆ ಬರಬೇಕಿತ್ತು.

ಸೆಪ್ಟೆಂಬರಿನ ಕೊನೆಯ ಭಾನುವಾರ ಎಂಥ ಗ್ರಹಚಾರ ವಕ್ಕರಿಸಿತು ನೋಡಿ! ಮಿಲ್ವಾಕೀ ತನ್ನ ಕೊನೆಯ ಆಟವನ್ನು ಮಧ್ಯಾಹ್ನವೇ ಗೆದ್ದಿತ್ತು. ಆದರೆ ವಿಭಾಗದ ಪಟ್ಟ ಸಿಗಬೇಕಾದರೆ ಪೈಪೋಟಿಯಲ್ಲಿದ್ದ ಸೇಂಟ್ ಲೂಯಿಸ್ ತಂಡ ತನ್ನ ಕೊನೆಯ ಆಟ ಸೋಲಬೇಕು. ಅವರನ್ನು ಸೋಲಿಸಬೇಕಾದವರು ಶಿಕಾಗೊದವರು!

ಹಿತ್ತಲಲ್ಲಿ ರೇಡಿಯೊ ಹಾಕಿಕೊಂಡು ಕೆಂಡದ ಮೇಲೆ ಸಾಸೇಜು ಹೊರಳಿಸುತ್ತಿದ್ದ ನಾರ್ಬರ್ಟ್ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸಾಸೇಜೆಲ್ಲ ಕರಕಲಾಯಿತು.

"ಒಂದ್ಸಲ ಬಾಯ್ಬಿಟ್ಟು ಶಿಕಾಗೊ ಗೆಲ್ಲಲಿ ಅನ್ನು. ನಾಲಿಗೆ ಏನೂ ಸುಟ್ಟೋಗಲ್ಲ," ಎಂದಳು ಹೆಂಡತಿ ಬರ್ನಡೀನ್.

"ಗೆಲ್ಲೋದು ಅವರ ಕರ್ಮ. ನಾನ್ಯಾಕೆ ಅನ್ಲಿ?"

ಕೊನೆಗೆ ಶಿಕಾಗೊಗೆ ಒಂದೇ ಓಟ ಕಡಿಮೆಯಿತ್ತು, ಔಟಾಗಲು ಒಬ್ಬನೇ ಉಳಿದಿದ್ದ. ನಾರ್ಬರ್ಟ್ ಕಣ್ಣು ಮುಚ್ಚಿಕೊಂಡು ಗೊಣಗಿದ: "ಹೊಡಿಯೋ... ಹೊಡಿಯೋ ನನ್ನಪ್ಪಾ!"

ದಾಂಡಿಗ ಬೀಸಿದ, ಮೂರನೇ ಸಲವೂ ಚೆಂಡು ಸಿಗದೆ ಔಟಾದ. ಶಿಕಾಗೊ ಸೋತಿತೆಂದು ರೇಡಿಯೊ ಕೂಗಿದ್ದೇ ತಡ, ನಾರ್ಬರ್ಟ್ ಇಕ್ಕಳ ಬಿಸಾಡಿ, ಚಪ್ಪಾಳೆ ತಟ್ಟಿ ಕುಣಿದೇಬಿಟ್ಟ.

"ಅಯ್ಯೋ, ಪಟ್ಟ ಹೋಗಿದ್ದು ನಮ್ದು ಕಣೋ!" ಎಂದಳು ಬರ್ನಡೀನ್.

ಅವನ ಅಂಗೈಗಳು ಕೂಡಿದ್ದಲ್ಲೇ ನಿಂತವು.

"ನಂಗೊತ್ತು ಕಣೇ," ಎಂದ ಅವನು. "ಈ ಕೈಗಳಿಗೆ ಯಾರು ಹೇಳ್ಬೇಕು?"