ಹಿತ್ತಲ ಕಟ್ಟೆಯ ಮುಯ್ಯಿ

ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಹಿಂದೆ ಚಪ್ಪಡಿ ಕಲ್ಲಿನ ಕಟ್ಟೆಯಿದೆ. ಬಟ್ಟೆ ಒಗೆಯುವುದು, ಹಪ್ಪಳ ಒಣಗಿಸುವುದು, ಸಂಜೆ ನಾನು ಕುರ್ಚಿ ಹಾಕಿಕೊಂಡು ಪೇಪರ್ ಓದುವುದು ಎಲ್ಲ ಅದರ ಮೇಲೆಯೇ. ಕಳೆದ ಮಳೆಗಾಲದಲ್ಲಿ ಅದರ ಒಂದು ಮಗ್ಗುಲು ಕುಸಿದು, ಕಾಲಿಟ್ಟರೆ ಕಲ್ಲು ಕುಲುಕತೊಡಗಿತು. ಹೆಂಡತಿ ಬಕೆಟ್ ಸಮೇತ ಜಾರಿ ಬಿದ್ದಳು. ಎಲ್ಲ ಕಿತ್ತು ಕಾಂಕ್ರೀಟು, ಮೇಲೆ ಟೈಲ್ಸ್ ಹಾಕಬೇಕು ಎಂದ ಗಾರೆ ಮೇಸ್ತ್ರಿ. ಅವನು ಹೇಳಿದ ಖರ್ಚು ನನ್ನ ಪಿಂಚಣಿಗೆ ಎಟುಕುವಂತಿರಲಿಲ್ಲ.

“ಕುಕ್ಕುವಾಡದ ಅಣ್ಣಾರಿಗೆ ಒಂದು ಮಾತು ಹೇಳ್ರಿ” ಎಂದಳು ಹೆಂಡತಿ. ಅವನು ನನ್ನ ಸೋದರಮಾವನ ಮಗ, ವಯಸ್ಸಿನಲ್ಲಿ ದೊಡ್ಡವನು. ನಾನು ಭಾವ ಎನ್ನುತ್ತೇನೆ. ಫೋನ್ ಮಾಡಿದ ಮರುದಿನ ಬೆಳಿಗ್ಗೆಯೇ ಹಾರೆ ಹೊತ್ತು ಬಸ್ಸಿಳಿದ.

ಹಳೆಯ ಕಲ್ಲುಗಳನ್ನೇ ಎಬ್ಬಿಸಿ, ಜಲ್ಲಿ ತುಂಬಿ, ಮರಳು ಹಾಸಿ, ನೀರು ಚರಂಡಿಗೆ ಹರಿಯುವಂತೆ ತುಸು ಓರೆಯಾಗಿ ಮತ್ತೆ ಕೂರಿಸಿದೆವು. ಕೂರಿಸಿದವನು ಅವನು, ನಾನು ಹೆಚ್ಚಾಗಿ ನಿಂತಿದ್ದೆ.

“ಮಾಸ್ತರ, ಬರೀ ನೋಡಿದ್ರೆ ಕಲ್ಲು ಹೆದರಿ ಏಳಂಗಿಲ್ಲ. ಆ ಕಡೆ ಹಿಡಿ.”

ಸಂಜೆ ಕೈಕಾಲು ತೊಳೆದು ಹೊರಟವನಿಗೆ ಒಂದು ಕವರ್ ಕೊಡಹೋದೆ.

“ಇದೇನು?”

“ಕೂಲಿ ಅಂತಲ್ಲ ಭಾವ. ಬಸ್ ಚಾರ್ಜು, ಅದೂ ಇದೂ…”

“ಒಳಗಿಡು. ಮುಯ್ಯಿ ತೀರಿಸಾಕೆ ಬಂದೋನು ನಾನು. ನಾ ಕಾಲು ಮುರಕೊಂಡು ಮಲಗಿದ್ದಾಗ ನೀ ಬಂದು ನಾಟಿಗೆ ಸಸಿ ಹೊತ್ತಿದ್ದೆಲ್ಲ, ಮರೆತ್ಯಾ?”

ಮುಯ್ಯಿ ಎಂದರೆ ನಮ್ಮ ಕಡೆ ಕೂಲಿಯಿಲ್ಲದ ಕೆಲಸ. ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದುಕೊಟ್ಟರೆ, ದುಡಿಸಿಕೊಂಡವರು ಎಂದಾದರೂ ಬಂದು ಹಾಗೆಯೇ ದುಡಿದು ತೀರಿಸಬೇಕು. ಅದಕ್ಕೆ ಸಾಕ್ಷಿ ಇಬ್ಬರ ನೆನಪು ಮಾತ್ರ.

ನನಗೆ ಮೊಣಕಾಲುದ್ದದ ತಣ್ಣನೆಯ ಕೆಸರು ಕಂಡಿತು, ಹೆಗಲ ಮೇಲೆ ಸೋರುವ ಸಸಿಕಟ್ಟು ಕಂಡಿತು. ಅದು ನನ್ನ ನೆನಪೋ, ಅವನ ಮಾತು ಆಗತಾನೇ ಬರೆದ ಚಿತ್ರವೋ ಗೊತ್ತಾಗಲಿಲ್ಲ. ಪುರಾವೆಯಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ತರಗತಿಯಲ್ಲಿ ಗಂಟಲು ಹರಿದುಕೊಂಡವನು ನಾನು. ಆದರೆ ಆ ಸಂಜೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕವರ್ ಕೈಯಲ್ಲೇ ಇತ್ತು.

“ಎಷ್ಟೋ ವರ್ಷದ ಮಾತು ಬಿಡು ಭಾವ” ಎಂದು ವಿನಯದಿಂದ ಹೇಳಿ ಅದನ್ನು ಜೇಬಿಗಿಳಿಸಿದೆ.

ಮುಂದಿನ ಭಾನುವಾರ ಹರಿಹರಕ್ಕೆ ನನ್ನ ಒಡಹುಟ್ಟಿದ ಅಣ್ಣನ ಮನೆಗೆ ಹೋದಾಗ ಈ ಕಥೆಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವನ ಹಿತ್ತಲಲ್ಲೂ ನಲ್ಲಿಯ ಕೆಳಗಿನ ಕಲ್ಲುಗಳು ವಾಲಿ, ನೀರು ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಓಡಾಡಲು ಅತ್ತಿಗೆ ಅಡ್ಡಲಾಗಿ ಹಲಗೆ ಹಾಕಿಕೊಂಡಿದ್ದರು.

ಅಣ್ಣ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. “ನಾಟಿಗೆ ಹೋಗಿದ್ದು ನಾನು. ನೀ ಆಗ ಧಾರವಾಡದಾಗೆ ಓದ್ತಿದ್ದೆ.”

“ಬಂದು ಸೊಂಟ ಹಿಡಕೊಂಡು ಮಲಗಿದ್ರು” ಎಂದರು ಅತ್ತಿಗೆ. “ಶಾಖ ಕೊಟ್ಟೋಳು ನಾನಲ್ಲೇನು?”

ಅಣ್ಣನೂ ನೆನಪಿನಿಂದಲೇ ತಾನೇ ಹೇಳುತ್ತಿರುವುದು ಎಂದು ನನ್ನ ಮನಸ್ಸು ತಕ್ಷಣ ವಾದ ಹೂಡಿತು. ಭಾವನ ಮುಂದೆ ಮಲಗಿದ್ದ ನನ್ನ ಸಂಶಯಬುದ್ಧಿ ಈಗ ಎದ್ದು ಕೂತಿತ್ತು. ಅದು ಅರಿವಾದಾಗ ಕಿವಿ ಬಿಸಿಯಾಯಿತು.

“ಇರ್ಲಿ ಬಿಡು. ಕಟ್ಟೆ ಚಲೋ ಆತಲ್ಲ” ಎಂದ ಅಣ್ಣ. ಹೇಳಿ, ಹಲಗೆಯ ಕಡೆ ನೋಡಿದ.

ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ.

“ಹಂಗಾರೆ ಅಣ್ಣನ ಮುಯ್ಯಿ ನೀ ನುಂಗಿದಂಗಾತು. ಮುಖ ಮರೆತಿದ್ದು ನನ್ನ ತಪ್ಪು, ಸುಮ್ನಿದ್ದಿದ್ದು ನಿಂದು. ನಾ ಅಂತೂ ದುಡಿದು ಆಗೈತೆ. ಇನ್ನ ನೀನುಂಟು, ಅವನುಂಟು. ಹಾರೆ ನಿನ್ನ ಹಿತ್ತಲದಾಗೇ ಐತೆ ನೋಡು.”

ಮರುದಿನ ಹಾರೆ ಹಿಡಿದು ಹರಿಹರದ ಬಸ್ಸು ಹತ್ತಿದೆ. “ಬ್ಯಾಡ ಬಿಡೋ, ನಿನ್ನ ಕೈಲಾಗಲ್ಲ” ಎಂದ ಅಣ್ಣ. ಆಗಲೂ ಇಲ್ಲ. ಮಧ್ಯಾಹ್ನದೊಳಗೆ ಅಂಗೈ ಬೊಬ್ಬೆ ಎದ್ದಿತು. ಕೊನೆಗೆ ಕಲ್ಲು ಎಬ್ಬಿಸಿದವನು ಅವನು, ಪಕ್ಕದಲ್ಲಿ ಮರಳು ಸುರಿದವನು ನಾನು. ಅರ್ಧ ಕೆಲಸ ಹಾಗೇ ಉಳಿದಿತ್ತು.

ಊಟಕ್ಕೆ ಅತ್ತಿಗೆ ಒಂದೇ ತಟ್ಟೆ ಇಟ್ಟರು. ಅಣ್ಣ ಕೈ ತೊಳೆದು ಗೋಡೆಗೆ ಒರಗಿ ನಿಂತ.

“ಬಾ ಅಣ್ಣ, ಕೂಡು.”

“ಮುಯ್ಯಿ ಆಳು ಉಣ್ಣೋತನಕ ಮನೆಯವರು ಕೂಡಂಗಿಲ್ಲ. ನೀ ಉಣ್ಣು.”

ತಮಾಷೆಯ ದನಿಯಲ್ಲೇ ಹೇಳಿದ. ಆದರೆ ಕೂರಲಿಲ್ಲ. ಬೊಬ್ಬೆಗೆ ಖಾರ ತಾಗದಂತೆ ಬೆರಳ ತುದಿಯಲ್ಲಿ ರೊಟ್ಟಿ ಮುರಿದೆ. ನನಗಿಂತ ಹೆಚ್ಚು ದುಡಿದವನು ಹಸಿದು ನಿಂತಿದ್ದ. ತಲೆ ಎತ್ತದೆ, ಬೇಗ ಬೇಗ ಉಂಡೆ.