ರಬ್ಬರ್ ಪ್ರಾಣಿಯ ಮೊಣಕಾಲು

ಹೋದ ಭಾನುವಾರ ಹೊಸೂರಿನ ಮಾಲಿನಲ್ಲಿ, ಎಸಿಯ ತಂಪಿಗೆ ಕಿವಿಗೆ ಟವೆಲ್ಲು ಸುತ್ತಿಕೊಂಡು ಕೂತಿದ್ದ ಅಪ್ಪ ಸಿನಿಮಾದ ನಡುವೆ ನನ್ನ ಕಡೆ ಬಾಗಿ, ಪಿಸುಮಾತೆಂದು ತಾನು ನಂಬಿರುವ ದೊಡ್ಡ ದನಿಯಲ್ಲಿ ಕೇಳಿದ: “ಇದ್ರೊಳ್ಗೆ ಯಾರವ್ರಮ್ಮ?”

ಪರದೆಯ ಮೇಲೆ ಬೆಟ್ಟದಷ್ಟು ಎತ್ತರದ ದೈತ್ಯ ಪ್ರಾಣಿಯೊಂದು, ತಮಿಳಿನಲ್ಲಿ ಕಿರುಚುವ ಜಪಾನಿನ ಊರನ್ನು ತುಳಿಯುತ್ತಿತ್ತು. ಮಗಳ ಹಠಕ್ಕೆ ನಾವೆಲ್ಲ ಬಂದಿದ್ದೆವು. “ಈಗ ಯಾರೂ ಇರಲ್ಲಪ್ಪ, ಎಲ್ಲಾ ಕಂಪ್ಯೂಟರು,” ಎಂದೆ. “ಓ,” ಎಂದ ಅಪ್ಪನಿಗೆ ಆಮೇಲೆ ಸಿನಿಮಾದಲ್ಲಿ ಆಸಕ್ತಿ ಉಳಿಯಲಿಲ್ಲ. ಪಾಪ್‌ಕಾರ್ನ್ ಮುಗಿಸಿ ನಿದ್ದೆ ಹೋದ.

ಅಪ್ಪನ ಆ ಪ್ರಶ್ನೆಗೆ ಹಿಂದಿನ ಸಾಲಿನವರು ನಕ್ಕಿದ್ದರು. ನನಗೆ ನಗು ಬರಲಿಲ್ಲ. ಯಾಕೆಂದು ತಿಳಿಯಬೇಕಾದರೆ ನೀವು ಸ್ವಲ್ಪ ನನ್ನ ಜೊತೆ ನನ್ನ ತವರು ಸಾನಮಾವಿನ ಕಡೆ ಬರಬೇಕು.

ನಮ್ಮ ಹೊಲ ಅಲ್ಲಿನ ಕಾಡಿಗೆ ಅಂಟಿಕೊಂಡಂತಿದೆ. ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷ, ರಾಗಿ ಕೊಯ್ಲು ಮುಗಿದು ಮೂಟೆಗಳು ಅಡುಗೆಮನೆಯ ಮೂಲೆ ಸೇರಿದ್ದವು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ನಾನು ಒಲೆಯ ಮುಂದೆ ಬೆಚ್ಚಗೆ ಕೂತಿದ್ದೆ. ಎದುರಿನ ಗೋಡೆ ಒಳಕ್ಕೆ ಬಿತ್ತು. ಧೂಳಿನೊಳಗಿಂದ ಆನೆಯ ಸೊಂಡಿಲು ಬಂದು, ಮೂಟೆ ಹುಡುಕುತ್ತಾ ನನ್ನ ತಲೆಯನ್ನೂ ಒಮ್ಮೆ ಸವರಿ ನೋಡಿತು. ಅವ್ವ ನನ್ನನ್ನು ಹಿತ್ತಿಲ ಬಾಗಿಲಿನಿಂದ ಎಳೆದುಕೊಂಡು ಓಡಿದಳು. ಯಾರಿಗೂ ಗಾಯವಾಗಲಿಲ್ಲ. ಆದರೆ ನಾನು ಮಾತು ಬಿಟ್ಟೆ.

ನನ್ನ ಮಾತು ಕೇಳಿ ಕೇಳಿ ಸುಸ್ತಾಗಿರುವ ನನ್ನ ಗಂಡ ಈ ಕತೆಯನ್ನು ಇವತ್ತಿಗೂ ನಂಬುವುದಿಲ್ಲ. ಆದರೆ ಆಗ ಸಂಕ್ರಾಂತಿ ಕಳೆದು ಹುಣಸೆ ಬಡಿಯುವ ಕಾಲ ಬಂದರೂ ನನ್ನಿಂದ ಒಂದು ಮಾತು ಹೊರಡಲಿಲ್ಲ. ತಾಯಿತ ಕಟ್ಟಿಸಿದರು. ಡೆಂಕಣಿಕೋಟೆಯ ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು, ಎಲ್ಲ ಸರಿಯಿದೆ ಎಂದರು. ಅವ್ವ ಬಾಗಿಲ ಹಿಂದೆ ನಿಂತು ಅಳುವುದು ಕೇಳಿಸುತ್ತಿತ್ತು. ಅಳಬೇಡ ಎನ್ನಬೇಕೆಂದರೂ ನಾಲಿಗೆ ಏಳುತ್ತಿರಲಿಲ್ಲ.

ಅಪ್ಪ ಹೊಲದ ಜೊತೆಗೆ ಹೊಸೂರಿನ ಒಂದು ರಬ್ಬರ್ ಕಾರ್ಖಾನೆಯಲ್ಲಿ ಶಿಫ್ಟು ಮಾಡುತ್ತಿದ್ದ. ಡಾಕ್ಟರ ಬಳಿಯಿಂದ ಹಿಂದಿರುಗುವಾಗ ಒಂದು ಸಂಜೆ, ಟೆಂಟ್ ಸಿನಿಮಾದ ಮುಂದೆ ದೊಡ್ಡ ಹಲ್ಲಿಯಂಥದ್ದರ ಪೋಸ್ಟರ್ ಕಂಡಿತು. ಮಕ್ಕಳ ಸಿನಿಮಾ ಇರಬೇಕೆಂದುಕೊಂಡು ಮೊದಲ ಆಟಕ್ಕೆ ನನ್ನನ್ನು ಒಳಗೆ ಕರೆದೊಯ್ದ.

ಸಮುದ್ರದಿಂದ ಎದ್ದ ಪ್ರಾಣಿ ಮೊಟ್ಟಮೊದಲು ಮಾಡಿದ ಕೆಲಸವೆಂದರೆ ಒಂದು ಮನೆಯ ಗೋಡೆ ಕೆಡವಿದ್ದು. ನಾನು ಅಪ್ಪನ ತೋಳಿನಲ್ಲಿ ಮುಖ ಹುದುಗಿಸಿ ನಡುಗತೊಡಗಿದೆ. ಹೊರಟುಬಿಡೋಣವೆಂದು ಚಪ್ಪಲಿಗೆ ಕಾಲಾಡಿಸುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಪರದೆಯನ್ನೇ ದಿಟ್ಟಿಸಿದ.

“ಏ, ನೋಡಮ್ಮ ಇಲ್ಲಿ, ಅದು ರಬ್ಬರು! ಮೊಣಕಾಲತ್ರ ಹೆಂಗ್ ಸುಕ್ಕು ಬತ್ತೈತೆ ನೋಡು. ಒಳ್ಗೆ ಮನ್ಸ ಅವ್ನೆ ಕಣಮ್ಮ!”

ಬೆರಳ ಸಂದಿಯಿಂದ ನೋಡಿದೆ. ಹೌದು. ಊರು ಸುಡುವ ಆ ಭಯಂಕರ ಪ್ರಾಣಿಯ ಮೊಣಕಾಲು, ಹೆಜ್ಜೆ ಇಟ್ಟಾಗಲೆಲ್ಲ ನಮ್ಮ ಚಿಕ್ಕಪ್ಪನ ದೊಗಳೆ ಪ್ಯಾಂಟಿನಂತೆ ಮಡಿಚಿಕೊಳ್ಳುತ್ತಿತ್ತು. ನೋಡುತ್ತಾ ನೋಡುತ್ತಾ ನನಗೆ ಒಳಗಿದ್ದವನ ಚಿಂತೆ ಹತ್ತಿತು.

“ಅವ್ನಿಗೆ ಸೆಕೆ ಆಗಾಕಿಲ್ವಾ ಅಪ್ಪ?” ಎಂದೆ.

ಅಪ್ಪ ಎದ್ದು ನಿಂತುಬಿಟ್ಟ. “ಮಾತಾಡ್ಬುಟ್ಲು! ನನ್ ಮಗ್ಳು ಮಾತಾಡ್ಬುಟ್ಲು!” ಹಿಂದಿನಿಂದ ಯಾರೋ, “ಯೋವ್, ಉಕ್ಕಾರುಯ್ಯಾ!” ಎಂದು ತಮಿಳಿನಲ್ಲಿ ಗದರಿದರು. ಅಪ್ಪ ಕೂತ. ಬಹಳ ಹೊತ್ತು ಅವನ ಭುಜ ಕುಲುಕುತ್ತಿತ್ತು. ಆಮೇಲೆ ನನ್ನ ಪ್ರಶ್ನೆಗೆ ಉತ್ತರ ಕೊಟ್ಟ: “ಆಯ್ತದೆ ಕಣಮ್ಮ. ಬಾಳ ಸೆಕೆ ಆಯ್ತದೆ.”

ಮುಂದಿನ ರಜೆಯ ದಿನ ಅಪ್ಪ ಗೋಣಿಚೀಲಕ್ಕೆ ಹಳೇ ಟ್ಯೂಬು ಹೊಲಿದು ತಾನೇ ಪ್ರಾಣಿಯಾದ. ನಾನು ರಟ್ಟಿನ ಪೆಟ್ಟಿಗೆಗಳಿಂದ ಊರು ಕಟ್ಟುತ್ತಿದ್ದೆ, ಅವನು ಗರ್ಜಿಸುತ್ತಾ ತುಳಿಯುತ್ತಿದ್ದ. “ಇದೇನ್ ವೇಸವೋ! ಜನ ನೋಡಿದ್ರೆ ಏನಂದಾರು?” ಎಂದು ಗೊಣಗುತ್ತಲೇ ಅವ್ವ ಪ್ರಾಣಿಯ ಕತ್ತಿನ ತೂತಿನಿಂದ ಮಜ್ಜಿಗೆ ಕುಡಿಸುತ್ತಿದ್ದಳು.

“ಆನೆ ಒಳ್ಗೂ ಮನ್ಸ ಇರ್ತಾನಾ?” ಎಂದು ಒಮ್ಮೆ ಕೇಳಿದೆ. ಹೂಂ ಎಂದಿದ್ದರೆ ನಾನು ನಂಬುತ್ತಿದ್ದೆ. ಅಪ್ಪ ಚೀಲದಿಂದ ತಲೆ ಹೊರಗೆ ಹಾಕಿ, ಬೆವರು ಒರೆಸಿಕೊಂಡು ಹೇಳಿದ: “ಇಲ್ಲಮ್ಮ. ಆನೆ ಒಳ್ಗೆ ಆನೇನೇ ಇರೋದು. ಅದ್ಕೂ ಹೊಟ್ಟೆ ಐತೆ.”

ಕೃಷ್ಣಗಿರಿಯಲ್ಲಿ ಕಾಲೇಜು ಓದುವಾಗ ಜಪಾನಿನ ಆ ಪ್ರಾಣಿ ಸಿನಿಮಾಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಣುಬಾಂಬಿಗೆ ಊರುಗಳೇ ಬೂದಿಯಾದ ದೇಶ ಅದು. ಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಅಲ್ಲಿನವರು ಕುಳಿತು ಪುಟ್ಟ ಪುಟ್ಟ ಮನೆ, ಸೇತುವೆ, ರೈಲು ಮಾಡಿ, ಅವನ್ನು ತುಳಿಯಲು ಒಬ್ಬ ಮನುಷ್ಯನಿಗೆ ರಬ್ಬರ್ ಮೈ ತೊಡಿಸಿದರು. ಪಾಪ, ದೀಪಗಳ ಶಾಖಕ್ಕೆ ಒಳಗಿದ್ದವರು ಮೂರ್ಛೆ ಹೋಗುತ್ತಿದ್ದರಂತೆ. ಮೊದಲು ಸಾವಿನಂತೆ ಬಂದ ಪ್ರಾಣಿ, ವರ್ಷಗಳು ಕಳೆದಂತೆ ಮಕ್ಕಳ ಗೆಳೆಯನಾಯಿತು, ಭೂಮಿಯನ್ನು ಕಾಯಿತು, ಮತ್ತೆ ಭಯಂಕರವಾಯಿತು. ಹೆದರಿದವರೇ ಹೆದರಿಕೆಗೆ ಮೈ ಹೊಲಿದು, ಅದರೊಳಗೆ ತಮ್ಮವನೊಬ್ಬನನ್ನು ಕಳಿಸಿದ್ದರು. ಹಾಸ್ಟೆಲಿನ ಮಂಚದ ಮೇಲೆ ಕೂತು ಇದನ್ನು ಓದಿದಾಗ ನನಗೆ ಅಪ್ಪನನ್ನು ನೋಡಬೇಕೆನಿಸಿತ್ತು.

ಇಷ್ಟೆಲ್ಲ ತಿಳಿದೂ ನಿಜವಾದ ಆನೆಯನ್ನು ನೋಡುವ ಧೈರ್ಯ ನನಗೆ ಬರಲೇ ಇಲ್ಲ. ಮದುವೆಯಾಗಿ ಹೊಸೂರಿನ ಅವಲಪಲ್ಲಿಗೆ ಬಂದಾಗ, ಗಂಡು ಹೇಗಿದ್ದಾನೆ ಎನ್ನುವುದಕ್ಕಿಂತ ಸುತ್ತ ಕಾಡಿಲ್ಲ ಎನ್ನುವುದೇ ನನಗೆ ದೊಡ್ಡ ಸಮಾಧಾನ.

ಸಿನಿಮಾ ಮುಗಿಸಿ, ಅಪ್ಪನನ್ನು ಊರಿಗೆ ಬಿಡಲು ಅದೇ ಸಂಜೆ ಕಾರಿನಲ್ಲಿ ಹೊರಟೆವು. ಇನ್ನೂ ಬೆಳಕಿತ್ತು. ಸಾನಮಾವಿನ ತಿರುವಿನಲ್ಲಿ ಗಾಡಿಗಳೆಲ್ಲ ನಿಂತಿದ್ದವು. ಮುಂದೆ ಬೈಕಿನಲ್ಲಿದ್ದವನು ತಿರುಗಿ, “ಆನೆ ದಾಟ್ತಾ ಅವೆ, ಆರನ್ ಒಡೀಬೇಡಿ,” ಎಂದ. ಮುಂದಿನ ಸೀಟಿನಲ್ಲಿದ್ದ ಮಗಳು ಗಾಜಿಗೆ ಮೂಗು ಒತ್ತಿದಳು.

ಪಕ್ಕದಲ್ಲಿ ಕೂತಿದ್ದ ಅಪ್ಪನ ಕೈ ತಾನಾಗಿಯೇ ಎದ್ದು ನನ್ನ ಕಣ್ಣಿಗೆ ಅಡ್ಡ ಬಂತು. ನನ್ನ ತಲೆಯಲ್ಲಿ ನರೆ ಬಂದಿದೆ ಎನ್ನುವುದು ಆ ಕೈಗೆ ಗೊತ್ತಿದ್ದಂತಿರಲಿಲ್ಲ.

ನಾನು ಆ ಕೈಯನ್ನು ಮೆಲ್ಲಗೆ ಇಳಿಸಿ ಮಡಿಲಲ್ಲಿಟ್ಟುಕೊಂಡೆ. ದೊಡ್ಡವುಗಳ ಕಾಲುಗಳ ನಡುವೆ ಒಂದು ಮರಿ, ಟಾರಿನ ಬಿಸಿಗೋ ಏನೋ, ಒಂದೊಂದೇ ಪಾದ ಎತ್ತಿ ಎತ್ತಿ ಇಡುತ್ತಿತ್ತು. ಕೊನೆಯದು ಲಂಟಾನದ ಪೊದೆಯ ಆಚೆ ಮರೆಯಾಗುವವರೆಗೂ ನಾನು ನೋಡಿದೆ.